ನಡುಸಾಲಿನ ಗೀಟು

ಯಾರ ಕೀಬೋರ್ಡನ್ನಾದರೂ ತಲೆಕೆಳಗು ಮಾಡಿ ಎರಡು ಸಲ ತಟ್ಟಿ ನೋಡಿ, ಅವರ ಜಾತಕವೇ ಮೇಜಿನ ಮೇಲೆ ಉದುರುತ್ತದೆ. ಬಿಸ್ಕತ್ತಿನ ಪುಡಿ, ಕೂದಲು, ಕಚ್ಚಿ ಉಗುಳಿದ ಉಗುರು. ಒಮ್ಮೆ ಒಂದು ಹಾಲುಹಲ್ಲೂ ಸಿಕ್ಕಿತ್ತು. ನಾನು ಹದಿನಾಲ್ಕು ವರ್ಷದಿಂದ ಆಫೀಸು ಆಫೀಸು ಅಲೆದು ಕಂಪ್ಯೂಟರ್ ತೊಳೆಯುವವಳು. ನಗಬೇಡಿ, ಇದೂ ಒಂದು ಕಸುಬು. ಸಿಪಿಯು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಬ್ಲೋವರಿನಲ್ಲಿ ಧೂಳು ಊದಬೇಕು. ಊದುವಾಗ ಫ್ಯಾನು ಗಿರಗಿರ ತಿರುಗಿ ಕೆಡದಂತೆ ರೆಕ್ಕೆಗೆ ಬೆರಳು ಒತ್ತಿ ಹಿಡಿಯಬೇಕು. ಮಾನಿಟರನ್ನು ಒಣಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒರೆಸಬೇಕು. ಮೌಸಿನ ಹೊಟ್ಟೆಯಿಂದ ಜಿಡ್ಡು ಕೆರೆದು ತೆಗೆಯಬೇಕು. ಇಷ್ಟೆಲ್ಲ ಮಾಡಿದರೂ ಆಫೀಸಿನವರು ನನ್ನನ್ನು ಕರೆಯುವುದು ಧೂಳಕ್ಕ ಎಂದೇ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ತಿಂಡಿ ಡಬ್ಬಿ ಮುಚ್ಚಿಡುತ್ತಾರೆ, ತಿಂದ ಗುರುತೇ ಇಲ್ಲವೆಂಬಂತೆ.

ಮನೆಯಲ್ಲಿ ನನಗೆ ಬೇರೆ ಹೆಸರಿತ್ತು. ಎರಡುಬೆರಳು. ಅದು ಅಪ್ಪ ಇಟ್ಟದ್ದು.

ಅಪ್ಪ ಟೈಪಿಂಗ್ ಮೇಷ್ಟ್ರಾಗಿದ್ದ. ನಲವತ್ತು ವರ್ಷ ಎರಡು ಕೋಣೆಗಳಲ್ಲಿ ಹನ್ನೆರಡು ಯಂತ್ರ ಇಟ್ಟುಕೊಂಡು ಸಾವಿರಾರು ಜನರ ಬೆರಳು ಪಳಗಿಸಿದ. ಕಲಿಯುವವರ ಕೈಮೇಲೆ ಕರಿ ಬಟ್ಟೆ ಹೊದಿಸಿ, ಯಂತ್ರ ನೋಡಬೇಡಿ, ಹಾಳೆ ನೋಡಿ ಎನ್ನುತ್ತಿದ್ದ. ಅಕ್ಷರ ತಪ್ಪಿದವರು ಬೆನ್ನು ನೆಟ್ಟಗೆ ಮಾಡಿ, "ಸಾರ್, ಈ ಮಷಿನ್ ಸರಿ ಇಲ್ಲ" ಎಂದರೆ ಅಪ್ಪ ಸಿಡುಕುತ್ತಿರಲಿಲ್ಲ. "ತಪ್ಪು ಯಂತ್ರದ್ದಲ್ಲ" ಎಂದು ಎರಡೇ ಪದ ಹೇಳಿ ಮುಂದಿನ ಮೇಜಿಗೆ ಹೋಗುತ್ತಿದ್ದ. ನಲವತ್ತು ವರ್ಷವೂ ಅವೇ ಎರಡು ಪದ. ಸ್ವಂತ ಮಗಳಾದ ನಾನು ಆ ಕರಿ ಬಟ್ಟೆಯಡಿ ಹನ್ನೊಂದು ದಿನ ತಡೆದುಕೊಂಡೆ, ಹನ್ನೆರಡನೆಯ ದಿನ ಹಿತ್ತಲ ಬಾಗಿಲಿನಿಂದ ಓಟ ಕಿತ್ತೆ. ಇವತ್ತಿಗೂ ನಾನು ಟೈಪ್ ಮಾಡುವುದು ಎರಡು ತೋರುಬೆರಳಿನಲ್ಲಿ, ಕಣ್ಣು ಕೀಗಳ ಮೇಲೆ ನೆಟ್ಟು. ತಮ್ಮನೂ ಕಲಿಯಲಿಲ್ಲ, ಆದರೆ ಅವನು ಬೇರೆ ಊರಿಗೆ ಹೋಗಿ ಆ ಅವಮಾನದಿಂದ ಪಾರಾದ. ಮನೆಯಲ್ಲಿ ಉಳಿದದ್ದು ನಾನು, ಅಪ್ಪ ಇಬ್ಬರೇ.

ಏಳು ವರ್ಷದ ಹಿಂದೆ ಅಪ್ಪನ ಕಣ್ಣು ಹೋಯಿತು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಕಿವಿ ಉಳಿಯಿತು, ಎಡಗೈ ಉಳಿಯಿತು, ಹಟ ಮೊದಲಿನಷ್ಟೇ ಉಳಿಯಿತು. ಆಸ್ಪತ್ರೆಯಲ್ಲಿ ನರ್ಸು, "ಹೌದು ಅಂದ್ರೆ ಒಂದ್ಸಲ ಕೈ ಒತ್ತಿ, ಇಲ್ಲ ಅಂದ್ರೆ ಎರಡ್ಸಲ" ಎಂದು ಹೇಳಿಕೊಟ್ಟರೆ ಅಪ್ಪ ಮುಷ್ಟಿ ಬಿಗಿ ಮಾಡಿಕೊಂಡು ಮಲಗಿದ್ದ. ಮನೆಗೆ ಬಂದ ದಿನ ಅವನ ಮಂಚದ ಪಕ್ಕ ನನ್ನ ಹಳೆಯ ಡೆಸ್ಕ್‌ಟಾಪ್ ಇಟ್ಟು, ಮಡಿಲ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಕೀಬೋರ್ಡ್ ಇಟ್ಟೆ. ಎಡಗೈಯೊಂದರಲ್ಲೇ ಅವನು ಬರೆದ ಮೊದಲ ಸಾಲು ಇದು: ಸನ್ನೆ ಮಾಡಲು ನಾನು ಕೋತಿಯಲ್ಲ. ಕೇಳುವುದನ್ನು ಕೇಳಿ, ಉತ್ತರ ಬರೆಯುತ್ತೇನೆ.

ಅಲ್ಲಿಂದ ಮುಂದೆ ಅದೇ ನಮ್ಮ ಮಾತುಕತೆ. ಅವನು ಬರೆಯುವುದು, ನಾನು ತೆರೆಯ ಮೇಲೆ ಓದಿ ಬಾಯಲ್ಲಿ ಉತ್ತರ ಹೇಳುವುದು. ಪ್ರತಿ ಸಲ ಬರೆಯುವ ಮೊದಲು ಅವನ ತೋರುಬೆರಳು ಕೀಗಳ ಮೇಲೆ ಸ್ವಲ್ಪ ಆಚೀಚೆ ಸವರಾಡಿ ಒಂದು ಕಡೆ ನಿಲ್ಲುತ್ತಿತ್ತು. ಪಾಪ, ಏನು ಬರೆಯಲಿ ಎಂದು ಯೋಚಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಸರಸರ ಬರೆಯುತ್ತಿದ್ದ. ಒಂದಕ್ಷರ ತಪ್ಪುತ್ತಿರಲಿಲ್ಲ. ಉಪ್ಪು ಕಮ್ಮಿ. ಕಿಟಕಿ ಹಾಕು. ನಿನ್ನ ತಮ್ಮ ಫೋನಿನಲ್ಲಿ ಪಿಸುಗುಟ್ಟುವುದು ನನಗೆ ಕೇಳಿಸುತ್ತದೆ ಎಂದು ಅವನಿಗೆ ಹೇಳು.

ಈ ಸಲದ ಚಳಿಗೆ ಅಪ್ಪನ ಎದೆಯಲ್ಲಿ ಕಫ ಕಟ್ಟಿ ಸೋಂಕಾಯಿತು. ವಾಸಿಯಾದ ಮೇಲೆ ಡಾಕ್ಟರು ಮನೆಗೇ ಬಂದು ನೋಡಿ, ಇನ್ನೊಮ್ಮೆ ಹೀಗಾದರೆ ಕಷ್ಟ, ಹಗಲೂ ರಾತ್ರಿ ನೋಡಿಕೊಳ್ಳುವ ಆರೈಕೆ ಕೇಂದ್ರಕ್ಕೆ ಸೇರಿಸುವುದು ಒಳ್ಳೆಯದು ಎಂದರು. ನನ್ನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸದೆ, "ಆದ್ರೆ ಅವರ ಬುದ್ಧಿ ಚೆನ್ನಾಗಿದೆ. ನಾನು ನೀವು ಯಾರು ಹೇಳೋಕೆ? ಅವರೇ ಹೇಳ್ಲಿ. ಬೇಡ ಅಂದ್ರೆ ಬೇಡ" ಎಂದು ಸೇರಿಸಿದರು. ಅಪ್ಪನನ್ನೇ ಕೇಳಿದೆವು. ಬೆರಳು ಸವರಾಡಿ ನಿಂತು ಬರೆಯಿತು: ಹತ್ತು ದಿನ ಕೊಡಿ. ಯೋಚಿಸಿ ಬರೆಯುತ್ತೇನೆ.

ಡಾಕ್ಟರು ಹೊರಡುವಾಗ ಮಂಚದ ಪಕ್ಕದ ಸಿಪಿಯು ಕಡೆ ಬಗ್ಗಿ ನೋಡಿ ಹುಬ್ಬೇರಿಸಿದರು. ಹಿಂದಿನ ಜಾಲರಿಯ ತುಂಬ ಬೂದು ಧೂಳು, ಅದರ ಬಿಸಿ ಗಾಳಿ ನೇರ ಅಪ್ಪನ ಮೂಗಿಗೆ. "ಎದೆ ಕೆಟ್ಟೋರ ಪಕ್ಕ ಇಷ್ಟು ಧೂಳಾ?" ಎಂದರು. ನಾಚಿಕೆಯಿಂದ ನನ್ನ ತಲೆ ನೆಲಕ್ಕೆ ಹೋಯಿತು. ಊರಿನ ಧೂಳೆಲ್ಲ ಊದುವವಳ ಮನೆಯಲ್ಲೇ ಈ ಗತಿ.

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ಕೂತೆ. ಎಲ್ಲವನ್ನೂ ಜಗುಲಿಗೆ ಹೊತ್ತು ತಂದೆ. ಊದಿದಾಗ ಬಂದ ಧೂಳಿಗೆ ನಾನೇ ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಫ್ಯಾನಿನ ರೆಕ್ಕೆಗಳನ್ನು ಬಣ್ಣದ ಬ್ರಶ್ಶಿನಲ್ಲಿ ಗುಡಿಸಿದೆ, ತಂತಿಗಳನ್ನು ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದೆ. ಕೊನೆಗೆ ಕೀಬೋರ್ಡ್. ಕೆಮ್ಮಿನ ಸಿರಪ್ಪು ಚೆಲ್ಲಿ ಅರ್ಧ ಕೀಗಳು ಅಂಟಂಟಾಗಿದ್ದವು. ಅಭ್ಯಾಸದಂತೆ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡೆ, ಮತ್ತೆ ಕೂರಿಸುವಾಗ ಯಾವುದು ಎಲ್ಲಿ ಎಂದು ತಿಳಿಯಲು. ಆಮೇಲೆ ಒಂದೊಂದೇ ಕೀ ಮೀಟಿ ಕಿತ್ತು, ಸಾಲು ಸಾಲಿಗೆ ಬೇರೆ ಬೇರೆ ಬಟ್ಟಲಲ್ಲಿ ಸೋಪುನೀರು ಹಾಕಿ ನೆನೆಸಿದೆ. ಸಾಲಿನಿಂದ ಸಾಲಿಗೆ ಕೀಗಳ ಇಳಿಜಾರು ಬೇರೆ, ಬೆರೆಸಬಾರದು. ಅಷ್ಟು ಗೊತ್ತಿತ್ತು ನನಗೆ.

ಒಣಗಿಸಿ ಕೂರಿಸಲು ಹೋದಾಗ ಫೋಟೋ ನೋಡಿ ನಗು ಬಂತು. ಅಪ್ಪನ ಬೆರಳು ತಿಕ್ಕಿ ತಿಕ್ಕಿ ನಡುಸಾಲಿನಲ್ಲಿ ಒಂದಾದರೂ ಅಕ್ಷರ ಉಳಿದಿರಲಿಲ್ಲ. ಫೋಟೋದಲ್ಲಿ ಬರೀ ಬೋಳು ಕರಿ ಚೌಕಗಳು. ಬಟ್ಟಲಿನಲ್ಲೂ ಬರೀ ಬೋಳು ಕರಿ ಚೌಕಗಳು. ಅಕ್ಷರವೇ ಇಲ್ಲದ ಮೇಲೆ ಯಾವುದು ಎಲ್ಲಿ ಕೂತರೇನು? ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕಡೆ ಕೂರಿಸಿದೆ. ಆ ಸಾಲಿನ ಒಂದೆರಡು ಕೀಗಳ ತಳದಲ್ಲಿ ಉಗುರಿನಷ್ಟಗಲ ಉಬ್ಬಿದ ಗೀಟು ಇತ್ತು. ಎಲ್ಲ ಕೀಬೋರ್ಡಿನಲ್ಲೂ ಇರುತ್ತದೆ, ಸಾವಿರ ಸಲ ನೋಡಿದ್ದೇನೆ. ಯಾಕಿದೆ ಎಂದು ಒಮ್ಮೆಯೂ ಕೇಳಿಕೊಂಡವಳಲ್ಲ. ಹಲ್ಲುಜ್ಜುವ ಬ್ರಶ್ಶಿನಲ್ಲಿ ಅದನ್ನೂ ಚೆನ್ನಾಗಿ ಉಜ್ಜಿದೆ. ಎಲ್ಲ ಕೂರಿಸಿ, ಎಡದಿಂದ ಬಲಕ್ಕೆ ಒಂದೊಂದೇ ಕೀ ಒತ್ತಿ ಪರೀಕ್ಷಿಸಿದೆ. ತೆರೆಯ ಮೇಲೆ ಅಕ್ಷರಗಳು ವರಸೆಯಾಗಿ ಬಂದವು. ಹೆಮ್ಮೆಯಿಂದ ಅಪ್ಪನ ಹಲಗೆಯ ಮೇಲಿಟ್ಟು, "ಮುಟ್ಟಿ ನೋಡಪ್ಪ, ಹೊಸದರ ಹಾಗಿದೆ" ಎಂದೆ. ಅಪ್ಪ ಅಂಗೈ ಪೂರ್ತಿ ಅದರ ಮೇಲೆ ಆಡಿಸಿದ. ಅವನ ಮುಖ ಅರಳಿತು.

ಆಮೇಲೆ ಯೋಚನೆಯಲ್ಲಿ ಮುಳುಗಿ ಏನೂ ಬರೆಯದೆ ಇದ್ದವನು ನಾಲ್ಕನೆಯ ದಿನ ಬೆಳಿಗ್ಗೆ ಬರೆದ. ಉದ್ದಕ್ಕೆ, ನಾಲ್ಕೈದು ಸಾಲು, ಒಂದೇ ಓಘದಲ್ಲಿ. ಬರೆದು ಮುಗಿಸಿ ಕೈ ಹಿಂದೆ ತೆಗೆದುಕೊಂಡು, ತಪ್ಪಿಲ್ಲದ ಹಾಳೆ ಒಪ್ಪಿಸಿದವನಂತೆ ಕೂತ. ನಾನು ತೆರೆ ನೋಡಿದೆ. ಒಂದು ಪದವೂ ಪದವಾಗಿರಲಿಲ್ಲ. ಒತ್ತು, ದೀರ್ಘ, ಬಿಡಿ ಅಕ್ಷರ ಎಲ್ಲ ಕಲಸುಮೇಲೋಗರವಾಗಿ ಬಿದ್ದಿದ್ದವು.

 ಅಪ್ಪ ಕಿವಿ ನೆಟ್ಟು ನನ್ನ ಉತ್ತರಕ್ಕೆ ಕಾಯುತ್ತಿದ್ದ. ಏನು ಹೇಳಲಿ? ಅಪ್ಪ, ನಿನ್ನ ತಲೆ ಕೆಟ್ಟಿದೆ ಎಂದು ಹೇಳಲೆ? ಜೀವಮಾನದಲ್ಲಿ ಅಕ್ಷರ ತಪ್ಪದವನಿಗೆ, ನೀನು ಬರೆದದ್ದರಲ್ಲಿ ಒಂದಕ್ಷರವೂ ಸರಿಯಿಲ್ಲ ಎಂದು ಹೇಳಲೆ? ನನ್ನ ಬಾಯಿಂದ ಬಂದದ್ದು ಇಷ್ಟು: "ಓದಿದೆ ಅಪ್ಪ. ಆಯ್ತು."

ಅಪ್ಪ ನಿರಾಳವಾಗಿ ಉಸಿರುಬಿಟ್ಟ. ಮಾರನೆಯ ದಿನ ಮತ್ತೆ ಬರೆದ, ಮತ್ತೆ ಅದೇ ಕಲಸುಮೇಲೋಗರ. ಮತ್ತೆ ನಾನು, ಓದಿದೆ ಅಪ್ಪ ಎಂದೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ತಮ್ಮನಿಗೆ ಫೋನ್ ಮಾಡಿದೆ. ಅವನು ಮೊದಲ ಬಸ್ಸಿಗೇ ಬಂದ.

ಡಾಕ್ಟರು ಬಂದು ಮಂಚದ ಬದಿಯಲ್ಲಿ ಕೂತು ಮೊದಲು ನನ್ನನ್ನೇ ಕೇಳಿದರು. "ಕೀಬೋರ್ಡ್ ಸರಿ ಇದೆಯಲ್ಲಮ್ಮಾ?"

"ನಾನೇ ತೊಳೆದು ಚೆಕ್ ಮಾಡಿದೀನಿ ಡಾಕ್ಟ್ರೇ. ನೂರಕ್ಕೆ ನೂರು ಸರಿ ಇದೆ" ಎಂದೆ. ಹದಿನಾಲ್ಕು ವರ್ಷದ ಕಸುಬಿನ ಗತ್ತು ನನ್ನ ದನಿಯಲ್ಲಿತ್ತು.

"ಮೇಷ್ಟ್ರೇ, ಇವತ್ತು ಯಾವ ವಾರ?" ಎಂದು ಡಾಕ್ಟರು ಅಪ್ಪನನ್ನು ಕೇಳಿದರು. ಅಪ್ಪ ಬರೆದ. ನಾವು ಮೂವರೂ ತೆರೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ನನ್ನ ಮಾತು ಅರ್ಥ ಆದ್ರೆ ಒಂದ್ಸಲ ನನ್ನ ಕೈ ಒತ್ತಿ" ಎಂದು ಡಾಕ್ಟರು ತಮ್ಮ ಕೈ ಅವನ ಕೈಯೊಳಗೆ ಇಟ್ಟರು. ಅಪ್ಪ ಕೈ ಕೊಡವಿಕೊಂಡು ಮತ್ತೆ ಕೀಬೋರ್ಡಿಗೇ ಹೋದ. ಸನ್ನೆ ಮಾಡಲು ನಾನು ಕೋತಿಯಲ್ಲ ಎಂದವನಲ್ಲವೇ ಅವನು. ಅದು ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ನೆನಪಾಗಲಿಲ್ಲ.

ಜಗುಲಿಗೆ ಬಂದು ಬಾಗಿಲು ಎಳೆದುಕೊಂಡ ಮೇಲೆ ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು. ಎರಡನೆಯ ಸಲ ಸಣ್ಣಗೆ ಲಕ್ವ ಹೊಡೆದಿರಬಹುದು. ಇನ್ನು ಅವರ ತೀರ್ಮಾನ ಕೇಳಿ ಉಪಯೋಗವಿಲ್ಲ. ನೀವಿಬ್ಬರೇ ತೀರ್ಮಾನ ಮಾಡಬೇಕು.

"ಅಕ್ಕ, ನಿನ್ ಕೈಲಾಗೋದಿಲ್ಲ ಇದು" ಎಂದ ತಮ್ಮ. "ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ ಬದಲಾಯಿಸಿ ನಿನ್ ಬೆನ್ನು ನೋಡ್ಕೊಂಡಿದೀಯಾ? ಅವರಿಗೂ ಈಗ ಎಲ್ಲಿದೀವಿ ಅಂತ ಗೊತ್ತಾಗಲ್ಲ."

ಕಾಗದಕ್ಕೆ ಸಹಿ ಹಾಕಿದ್ದು ನಾನು. ಹಾಕುವಾಗ ಎದೆ ಕಿತ್ತು ಬರುತ್ತಿತ್ತು ನಿಜ. ಜೊತೆಗೆ ಒಂದು ಮೂಲೆಯಲ್ಲಿ ಹಗುರವೂ ಆಯಿತು. ಸುಳ್ಳೇಕೆ ಹೇಳಲಿ.

ಅಪ್ಪನಿಗೆ, "ನಾಲ್ಕು ದಿನ ಬೇರೆ ಕಡೆ ಇದ್ದು ಬರೋಣಪ್ಪ, ಎದೆಗೆ ಒಳ್ಳೇದು" ಎಂದು ಮಗುವಿಗೆ ಹೇಳುವ ದನಿಯಲ್ಲಿ ಹೇಳಿದೆವು. ವ್ಯಾನು ಬಂದಾಗ ಇಬ್ಬರು ಹಿಡಿದು ಎತ್ತಿದರು. ಎತ್ತುವಾಗ ಅವನ ಎಡಗೈ ಹಲಗೆಯ ಮೇಲೆ ಅಲ್ಲಿ ಇಲ್ಲಿ ತಡಕಾಡಿತು. ನಾನು ಅಷ್ಟರಲ್ಲೇ ಕೀಬೋರ್ಡ್ ತೆಗೆದು ಕಪಾಟಿನ ಮೇಲಿಟ್ಟಿದ್ದೆ. ಇನ್ನು ಅದರಿಂದ ಏನು ಪ್ರಯೋಜನ ಎಂದುಕೊಂಡಿದ್ದೆ. ಕೈ ಬಹಳ ಹೊತ್ತು ಹುಡುಕಿತು. ತಮ್ಮ ಮೆಲ್ಲಗೆ ಅದನ್ನು ಹಿಡಿದು ಹೊದಿಕೆಯೊಳಗೆ ಸೇರಿಸಿದ.

ಅಲ್ಲಿ ಸೇರಿದ ಆರನೆಯ ದಿನಕ್ಕೆ ಎದೆ ಮತ್ತೆ ಕೆಟ್ಟಿತು. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು. ಇನ್ನು ಇವರನ್ನು ಇಲ್ಲಿಂದ ಕದಲಿಸುವ ಹಾಗಿಲ್ಲ ಎಂದರು. ಭಾನುವಾರ ಬುಧವಾರ ಹೋಗಿ ಪಕ್ಕದಲ್ಲಿ ಕೂತು ಬರುತ್ತಿದ್ದೆ. ಅಪ್ಪ ನನ್ನ ದನಿ ಕೇಳಿದರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದ. ಕಾಯಿಲೆ ಹಾಗೆ ಮಾಡಿಸುತ್ತದೆ ಎಂದು ಅಲ್ಲಿಯವರು ಸಮಾಧಾನ ಹೇಳಿದರು.

ಮೂರನೆಯ ವಾರ ಒಂದು ವಿಮಾ ಆಫೀಸಿನಲ್ಲಿ ಕೆಲಸವಿತ್ತು. ಮುಂಬಾಗಿಲ ಮೇಜಿನ ಹುಡುಗಿಯ ಕೀಬೋರ್ಡ್ ತೊಳೆದು ಕೊಟ್ಟೆ. ಅವಳು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಎದುರಿಗೆ ನಿಂತವರ ಮುಖ ನೋಡುತ್ತಲೇ ಕೈ ಕೀಗಳ ಮೇಲಿಟ್ಟಳು. ತೋರುಬೆರಳು ಸ್ವಲ್ಪ ಆಚೀಚೆ ಸವರಾಡಿ ಒಂದು ಕಡೆ ನಿಂತಿತು. ಆಮೇಲೆ ಸರಸರ ಬರೆದಳು.

ಅದು ಅಪ್ಪನ ಬೆರಳಿನ ಚಲನೆ. ಥೇಟು ಅದೇ. ಅವಳು ಫೋನಿಟ್ಟ ಮೇಲೆ ಕೇಳಿದೆ. "ಬರೆಯೋಕೆ ಮುಂಚೆ ಹೀಗೆ ಸವರಿದ್ರಲ್ಲ, ಏನದು?"

"ಓ, ಅದಾ? ಈ ಗೀಟು ಹುಡುಕೋದು" ಎಂದು ನಕ್ಕಳು. "ಬೆರಳು ಇದರ ಮೇಲೆ ಕೂತ್ರೆ ಉಳಿದದ್ದೆಲ್ಲ ತಾನಾಗೇ ಸಿಗತ್ತೆ, ನೋಡೋದೇ ಬೇಡ. ದಿನಾ ತೊಳೀತೀರಿ, ಗೊತ್ತಿಲ್ವಾ ಧೂಳಕ್ಕ?"

ನಾನು ಬ್ಲೋವರನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ದಾರಿ ಹೇಗೆ ಸವೆಯಿತೋ ತಿಳಿಯದು. ಕಪಾಟಿನ ಮೇಲಿಂದ ಕೀಬೋರ್ಡ್ ಇಳಿಸಿ, ನನ್ನ ಕೆಲಸದ ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಎರಡರ ನಡುಸಾಲಿನ ಮೇಲೂ ಬೆರಳಾಡಿಸಿದೆ. ಅಪ್ಪನದರಲ್ಲಿ ಎಡಗೈ ಬೆರಳಿನ ಗೀಟು ಇರಬೇಕಾದ ಮನೆಯಲ್ಲಿರಲಿಲ್ಲ, ಪಕ್ಕದಲ್ಲಿ, ಒಂದು ಮನೆ ಬಲಕ್ಕಿತ್ತು. ನಾನೇ ಕೂರಿಸಿದ್ದೆ. ಗೀಟನ್ನು ನಂಬಿದ ಅಪ್ಪನ ಕೈ ಒಂದೊಂದು ಕೀಯನ್ನೂ ಒಂದು ಮನೆ ಬಲಕ್ಕೆ ಒತ್ತಿತ್ತು.

ಬೇರೆ ಕೀಬೋರ್ಡಿನಲ್ಲಿ ಅಕ್ಷರ ನೋಡಿ ಕೂರಿಸುತ್ತಿದ್ದುದರಿಂದ ಗೀಟು ತಾನಾಗಿ ಸರಿಯಾದ ಜಾಗಕ್ಕೆ ಬರುತ್ತಿತ್ತು. ಹನ್ನೊಂದು ದಿನಕ್ಕೆ ಓಡಿಹೋಗದೆ ಹನ್ನೆರಡನೆಯ ದಿನವೂ ಆ ಕರಿ ಬಟ್ಟೆಯಡಿ ಕೂತಿದ್ದರೆ ಪ್ರಾಯಶಃ ಇಷ್ಟು ತಿಳಿಯುತ್ತಿತ್ತು.

ಅಪ್ಪ ಬರೆದದ್ದೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಉಳಿದಿತ್ತು. ಅದನ್ನು ತೆರೆದು, ಅವನು ಒತ್ತಿದ ಒಂದೊಂದು ಕೀಗೂ ಒಂದು ಮನೆ ಎಡಕ್ಕಿರುವ ಕೀ ಯಾವುದೆಂದು ಲ್ಯಾಪ್‌ಟಾಪಿನಲ್ಲಿ ನೋಡಿ, ಎರಡು ಬೆರಳಿನಲ್ಲಿ ಕುಟ್ಟುತ್ತ ಹೋದೆ. ಮೊದಲ ಸಾಲು ಪದವಾದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಯೋಚಿಸಿದೆ. ನಾನು ಹೋಗುವುದಿಲ್ಲ. ಇಲ್ಲೇ ಇರುತ್ತೇನೆ. ಬೇಗ ಸತ್ತರೆ ಅದು ನನ್ನ ಇಷ್ಟ, ನಿಮ್ಮಿಬ್ಬರ ತಪ್ಪಲ್ಲ. ಇದನ್ನು ಡಾಕ್ಟರಿಗೆ ತೋರಿಸು.

ಇದಕ್ಕೆ ನಾನು, ಓದಿದೆ ಅಪ್ಪ, ಆಯ್ತು ಎಂದಿದ್ದೆ.

ಮಾರನೆಯ ದಿನದ್ದು: ಓದಿದೆ ಎಂದೆ. ತಮ್ಮನಿಗೆ ಹೇಳಿದೆಯಾ? ಅವನು ಒಪ್ಪದಿದ್ದರೆ ನನ್ನ ಹತ್ತಿರ ಮಾತಾಡಲಿ.

ಡಾಕ್ಟರು ಬಂದ ದಿನದ್ದು: ಗುರುವಾರ. ಇದೆಂಥ ಪ್ರಶ್ನೆ? ನನ್ನ ಉತ್ತರ ಮಗಳಿಗೆ ಕೊಟ್ಟಾಗಿದೆ, ಅವಳನ್ನು ಕೇಳಿ.

ಕೊನೆಯದು ಹೊರಡುವ ಹಿಂದಿನ ಸಂಜೆಯದು. ಅದನ್ನು ನಾನು ಅವತ್ತು ತೆರೆಯ ಮೇಲೆ ನೋಡಲೂ ಹೋಗಿರಲಿಲ್ಲ, ಚೀಲ ತುಂಬುವ ಗಡಿಬಿಡಿಯಲ್ಲಿದ್ದೆ. ಬಟ್ಟೆ ಮಡಿಸುವ ಸದ್ದು ಕೇಳುತ್ತಿದೆ. ಎರಡುಬೆರಳೇ, ಯಾರ ಬಟ್ಟೆ ಅದು?

ತಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವನು ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡ. ಆಮೇಲೆ, "ಅಕ್ಕ, ಈಗ ಕರ್ಕೊಂಡ್ ಬರೋಕೂ ಆಗಲ್ವಲ್ಲ" ಎಂದ. ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕೊಳವೆ ತೆಗೆದರೆ ದಾರಿಯಲ್ಲೇ ಹೋಗುತ್ತಾರಮ್ಮ ಎಂದರು.

ಗೀಟಿನ ಕೀಯನ್ನು ಕಿತ್ತು ಅದರ ಮನೆಯಲ್ಲಿ ಕೂರಿಸಿದೆ. ಅರ್ಧ ನಿಮಿಷದ ಕೆಲಸ. ಕೀಬೋರ್ಡನ್ನೂ ಕೆಲಸದ ಲ್ಯಾಪ್‌ಟಾಪನ್ನೂ ಚೀಲದಲ್ಲಿಟ್ಟುಕೊಂಡು ಆರೈಕೆ ಕೇಂದ್ರಕ್ಕೆ ಹೋದೆ.

ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ದಿಂಬು ಎತ್ತರಿಸಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೀಬೋರ್ಡನ್ನು ಹೊದಿಕೆಯ ಮೇಲೆ ಇಟ್ಟು, ಅವನ ಎಡಗೈ ತೆಗೆದು ಅದರ ಮೇಲಿಟ್ಟೆ. ಕೈ ಸುಮ್ಮನೆ ಬಿದ್ದಿತ್ತು. "ಅಪ್ಪ, ನಿನ್ ಕೀಬೋರ್ಡ್" ಎಂದೆ. ಬಹಳ ಹೊತ್ತಿನ ಮೇಲೆ ತೋರುಬೆರಳು ಅಲ್ಲಾಡಿತು. ಸವರಾಡಿತು, ಗೀಟು ಹುಡುಕಿ ನಿಂತಿತು. ನಿಧಾನವಾಗಿ ಬರೆಯಿತು.

ಓದಿದೆ ಎಂದೆ. ಓದಿಯೂ ಕಳಿಸಿದೆ.

"ಇಲ್ಲಪ್ಪ" ಎಂದೆ.  "ನಾನು ಓದಿರ್ಲಿಲ್ಲ. ಓದೋಕೆ ಬರೋ ಹಾಗಿರ್ಲಿಲ್ಲ. ತೊಳೆದು ಕೂರ್ಸುವಾಗ ಈ ಗೀಟು ಪಕ್ಕದ ಕೀಗೆ ಹೋಗಿತ್ತು. ನೀನು ಸರಿಯಾಗೇ ಬರೆದೆ, ತೆರೆ ಮೇಲೆ ಎಲ್ಲ ತಪ್ಪುತಪ್ಪಾಗಿ ಬಂತು. ನಿಂಗೆ ಬೇಜಾರಾಗತ್ತೆ ಅಂತ ಓದಿದೆ ಅಂದೆ. ಕೀಬೋರ್ಡಿಂದೇ ತಪ್ಪು ಅಪ್ಪ, ನಿಂದಲ್ಲ."

ಹೇಳುತ್ತ ಹೇಳುತ್ತಲೇ ನನ್ನ ಮಾತು ನನ್ನ ಕಿವಿಗೇ ಹೇಗೆ ಕೇಳಿಸುತ್ತಿದೆ ಎಂದು ತಿಳಿಯಿತು. ನೂರಕ್ಕೆ ನೂರು ಸರಿ ಇದೆ ಎಂದು ಡಾಕ್ಟರಿಗೆ ಹೇಳಿದ್ದು ಇದೇ ಬಾಯಿ, ಅಪ್ಪ ಕೇಳುತ್ತಿದ್ದಾಗಲೇ. ಓದಿದೆ ಎಂದದ್ದೂ ಇದೇ ಬಾಯಿ. ನನ್ನ ಚೀಲದಲ್ಲಿ ಅವನ ಹಾಳೆಗಳ ಪ್ರಿಂಟ್ ಇತ್ತು, ಅವನು ಬರೆದದ್ದು ಒಂದು ಕಡೆ, ನಾನು ಬಿಡಿಸಿದ್ದು ಇನ್ನೊಂದು ಕಡೆ. ಕಣ್ಣಿದ್ದವರು ಯಾರಾದರೂ ಒಂದು ಗಳಿಗೆಯಲ್ಲಿ ನಂಬುತ್ತಿದ್ದರು. ಅವನ ಬೆರಳನ್ನು ಹಿಡಿದು ಪಕ್ಕದ ಕೀ ಮೇಲಿಟ್ಟು, "ಇಲ್ಲಿತ್ತಪ್ಪ, ಇಲ್ಲಿ" ಎಂದೆ. ಅಲ್ಲಿ ಈಗ ಗೀಟಿಲ್ಲದ ಬೋಳು ಕೀ ಇತ್ತು.

ಅಪ್ಪ ಬೆರಳು ಬಿಡಿಸಿಕೊಂಡು ಗೀಟಿನ ಮೇಲೆ ವಾಪಸ್ ತಂದ. ಎರಡು ಪದ ಬರೆದು, ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ಮುಖ ಗೋಡೆಗೆ ತಿರುಗಿಸಿದ.

ತಪ್ಪು ಯಂತ್ರದ್ದಲ್ಲ.

ಕೊಳವೆಯಲ್ಲಿ ಆಕ್ಸಿಜನ್ನು ಸುಯ್ ಎನ್ನುತ್ತಿತ್ತು. ನಾನು ತೆರೆ ನೋಡುತ್ತ ಕೂತೆ. ಒಂದಕ್ಷರವೂ ತಪ್ಪಿರಲಿಲ್ಲ.